ಅಟೆಂಡ್ ಆಗೋದು, ಅಟೆಂಡ್ ಮಾಡೋದು

ಅವ್ವ ಲಿಂಗಸುಗೂರಿನಿಂದ ಇಲ್ಲಿಗೆ, ಅಮೆರಿಕಕ್ಕೆ, ಬಂದ ಎರಡನೇ ವಾರಕ್ಕೇ ನನ್ನ ಹೆಂಡತಿಗೆ ಹೆರಿಗೆ ನೋವು ಶುರುವಾಯಿತು. ಆಸ್ಪತ್ರೆಯ ಕೋಣೆಗೆ ಬಂದ ನರ್ಸ್, ಇನ್ನು ಹತ್ತು ನಿಮಿಷಕ್ಕೆ ಅಟೆಂಡಿಂಗ್ ಬರ್ತಾರೆ ಅಂದಳು. ಅಷ್ಟು ಇಂಗ್ಲಿಷ್‌ನಲ್ಲಿ ಅವ್ವನ ಕಿವಿಗೆ ಬಿದ್ದದ್ದು ಅದೊಂದೇ ಶಬ್ದ. ಕುರ್ಚಿಯಿಂದ ಎದ್ದು ಸೆರಗು ಸರಿಮಾಡಿಕೊಂಡು, "ಅಟೆಂಡರ್ ಅಂದ್ರ ನಾನ ಅಲ್ಲೇನು? ಇಲ್ಲೇ ಅದೀನಿ ಅಂತ ಹೇಳೋ ಅಕಿಗೆ" ಎಂದಳು.

ಅವ್ವನ ತಪ್ಪೇನಿಲ್ಲ. ನಮ್ಮ ಕಡೆ ದವಾಖಾನೆಯಲ್ಲಿ ರೋಗಿಯ ಮಗ್ಗುಲಲ್ಲಿ ಚಾಪೆ ಹಾಸಿ ಮಲಗುವವರು, ಚೀಟಿ ಹಿಡಿದು ಔಷಧಿ ಅಂಗಡಿಗೆ ಓಡುವವರು ಅಟೆಂಡರೇ. ತಹಶೀಲ್ದಾರ್ ಕಚೇರಿಯಲ್ಲಿ ಫೈಲು ಹೊತ್ತು ತಿರುಗುವವನೂ ಅಟೆಂಡರೇ. ಅಮೆರಿಕದ ಆಸ್ಪತ್ರೆಯಲ್ಲಿ ಅಟೆಂಡಿಂಗ್ ಎಂದರೆ ರೋಗಿಯ ಪೂರ್ತಿ ಹೊಣೆ ಹೊತ್ತ ಹಿರಿಯ ಡಾಕ್ಟರು. ತರಬೇತಿಯಲ್ಲಿರುವ ರೆಸಿಡೆಂಟ್ ಡಾಕ್ಟರುಗಳು ಅವರ ಕೈಕೆಳಗೆ. ರೆಸಿಡೆಂಟ್ ಹೇಳಿದ್ದು ಅರ್ಥವಾಗದಿದ್ದರೆ "ಅಟೆಂಡಿಂಗ್ ಜೊತೆ ಮಾತಾಡಬೇಕು" ಎಂದು ಕೇಳುವ ಹಕ್ಕು ನಿಮಗಿದೆ. ಸಂಕೋಚ ಬೇಡ.

ಸಿಂಧನೂರು, ಲಿಂಗಸುಗೂರು, ಮಸ್ಕಿ ಕಡೆಯಿಂದ ಹೊಸದಾಗಿ ಬಂದ ಮನೆಗಳಿಗೆ ಏನಾದರೂ ಬರೆಯಿರಿ ಎಂದು ಇಲ್ಲಿನ ನಮ್ಮ ಕನ್ನಡ ಕೂಟದವರು ಕೇಳಿದಾಗ ನನಗೆ ನೆನಪಾದದ್ದು ಅಟೆಂಡ್ ಎಂಬ ಈ ಒಂದು ಶಬ್ದವೇ. ಬ್ಯಾಂಕು, ಲೈಸೆನ್ಸು, ವಿಮೆಯ ಬಗ್ಗೆ ಹೇಳುವವರು ಬೇಕಾದಷ್ಟು ಜನರಿದ್ದಾರೆ.

ಅಟೆಂಡೆನ್ಸ್ ಎಂದರೆ ಹಾಜರಿ, ನಮಗೆ ಅದು ಹೊಸದೇನಲ್ಲ. 1948ರವರೆಗೆ ನಮ್ಮ ಸೀಮೆ ನಿಜಾಮರ ಕೈಯಲ್ಲಿತ್ತು, ಕಚೇರಿ ಭಾಷೆ ಉರ್ದು. ಹಾಜರ್, ಗೈರುಹಾಜರ್ ಎಂಬ ಅರಬಿ ಮೂಲದ ಮಾತುಗಳು ನಮ್ಮ ನಾಲಿಗೆಯಲ್ಲಿ ಜೋಳದ ರೊಟ್ಟಿಯಷ್ಟೇ ಸಲೀಸು. ಹಟ್ಟಿ ಚಿನ್ನದ ಗಣಿಯಲ್ಲಿ ದುಡಿದ ಮನೆಯವರಿಗೆ ಪಾಳಿಯ ಹಾಜರಿ ಗೊತ್ತು. ಎಸ್ಸೆಸ್ಸೆಲ್ಸಿಗೆ ಕೂರಲು ಶೇ 75 ಹಾಜರಾತಿ ಬೇಕೆಂಬುದು ಎಲ್ಲರಿಗೂ ಗೊತ್ತು. ಉದ್ಯೋಗ ಖಾತ್ರಿಯ ಸಾಮೂಹಿಕ ಕಾಮಗಾರಿಗಳಲ್ಲಂತೂ 2023ರ ಜನವರಿ 1ರಿಂದ ದಿನಕ್ಕೆ ಎರಡು ಸಲ ಮೊಬೈಲಿನಲ್ಲಿ ಫೋಟೊ ತೆಗೆದು ಹಾಜರಿ ಹಾಕುವುದು ಕಡ್ಡಾಯವಾಯಿತು. ಹಾಜರಿ ಹಾಕುವ ಕಾಯಕ ಬಂಧು ಫೋನ್ ಎತ್ತಿ ಹಿಡಿದು ನೆಟ್‌ವರ್ಕ್ ಹುಡುಕುತ್ತ ಬದುವಿನ ಮೇಲೆ ನಿಂತಿರುವುದನ್ನು ನೀವೂ ನೋಡಿರುತ್ತೀರಿ.

ಆದರೆ ಈ ಎಲ್ಲ ಕಡೆಯೂ ಹಾಜರಿ ಎಂದರೆ ಮೈ ಅಲ್ಲಿರುವುದು, ಅಷ್ಟೇ. ಇಂಗ್ಲಿಷಿನ ಅಟೆಂಡ್ ಹಾಗಲ್ಲ. ಲ್ಯಾಟಿನ್ನಿನಲ್ಲಿ ಅದರ ಮೂಲಾರ್ಥ 'ಒಂದರ ಕಡೆಗೆ ಚಾಚುವುದು'. ಫ್ರೆಂಚಿನವರಿಗೆ ಅದೇ ಶಬ್ದ ಇವತ್ತಿಗೂ 'ಕಾಯುವುದು'. ಹೀಗಾಗಿ ಅಟೆನ್ಷನ್, ವಿಮಾನದ ಅಟೆಂಡೆಂಟ್, ಆಸ್ಪತ್ರೆಯ ಅಟೆಂಡಿಂಗ್ ಎಲ್ಲ ಒಂದೇ ಬಳ್ಳಿಯ ಕಾಯಿಗಳು. ಸಭೆಗೆ ಹೋಗುವುದು ಬರೀ ಅಟೆಂಡ್. ಕೆಲಸವನ್ನೋ ರೋಗಿಯನ್ನೋ ನೋಡಿಕೊಳ್ಳುವುದಾದರೆ ಹಿಂದೆ 'ಟು' ಸೇರಬೇಕು. ಇದನ್ನು ನೆನಪಿಡಲು ವ್ಯಾಕರಣ ಪುಸ್ತಕ ಬೇಡ, ನಮ್ಮ ಕನ್ನಡವೇ ಸಾಕು. ಮದುವೆಗೆ ಅಟೆಂಡ್ ಆಗುತ್ತೇವೆ, ಪೇಷಂಟನ್ನು ಅಟೆಂಡ್ ಮಾಡುತ್ತೇವೆ. 'ಆಗು' ಇದ್ದಲ್ಲಿ ಟು ಇಲ್ಲ, 'ಮಾಡು' ಇದ್ದಲ್ಲಿ ಟು ಇದೆ. ಮೀಟಿಂಗನ್ನೂ ಅಟೆಂಡ್ ಮಾಡುವವರು ನಮ್ಮಲ್ಲಿದ್ದಾರೆ, ನಿಜ. ಅವರು ಸ್ವಲ್ಪ ಹುಷಾರಾಗಿರಲಿ. ಇನ್ನು 'ಕಾಲ್ ಅಟೆಂಡ್ ಮಾಡಲಿಲ್ಲ' ಎನ್ನುವುದನ್ನು ಇಂಡಿಯಾಕ್ಕೇ ಬಿಟ್ಟುಬಿಡಿ. ಇಲ್ಲಿ ಫೋನನ್ನು ಆನ್ಸರ್ ಮಾಡುತ್ತಾರೆ.

ಇಷ್ಟು ತಪ್ಪಿದರೆ ಯಾರೂ ಬೈಯುವುದಿಲ್ಲ. ಮಕ್ಕಳ ಶಾಲೆಯ ವಿಷಯ ಹಾಗಲ್ಲ.

ಊರಲ್ಲಿ ಮಗು ಶಾಲೆಗೆ ಹೋಗಲಿಲ್ಲ ಎಂದರೆ ಮರುದಿನ ಪಕ್ಕದ ಮನೆ ಹುಡುಗ "ಜ್ವರ ಬಂದಿತ್ರಿ ಸರ್" ಎಂದರೆ ಮುಗಿಯಿತು. ಇಲ್ಲಿ ಅದೇ ದಿನ ಬೆಳಿಗ್ಗೆ, ಗಂಟೆ ಬಾರಿಸುವ ಮುಂಚೆ, ಶಾಲೆಗೆ ತಿಳಿಸಬೇಕು. ಬಹಳ ಶಾಲೆಗಳಲ್ಲಿ ಇದಕ್ಕೆಂದೇ ಅಟೆಂಡೆನ್ಸ್ ಲೈನ್ ಎಂಬ ಬೇರೆ ನಂಬರ್ ಇರುತ್ತದೆ. ಅಲ್ಲಿ ಸಾಮಾನ್ಯವಾಗಿ ಮನುಷ್ಯರು ಸಿಗುವುದಿಲ್ಲ, ಬೀಪ್ ಕೇಳಿದ ಮೇಲೆ ಮಾತಾಡಬೇಕು. ಮಗುವಿನ ಹೆಸರು, ಅದರ ಸ್ಪೆಲ್ಲಿಂಗ್ ನಿಧಾನಕ್ಕೆ, ತರಗತಿ, ಟೀಚರ ಹೆಸರು, ಕಾರಣ, ಎಷ್ಟು ದಿನ, ನಿಮ್ಮ ಫೋನ್ ನಂಬರ್. ಮೊದಲ ಸಲ ನನ್ನ ಬಾಯಿ ಒಣಗಿ, ಬೀಪ್ ಆದಮೇಲೆ "ಹಲೋ, ಹಲೋ" ಎಂದಷ್ಟೇ ಹೇಳಿ ಇಟ್ಟುಬಿಟ್ಟಿದ್ದೆ. ಆಮೇಲೆ ಚೀಟಿ ಬರೆದು ಫ್ರಿಜ್ಜಿಗೆ ಅಂಟಿಸಿದೆವು. ಅದು ಇನ್ನೂ ಅಲ್ಲೇ ಇದೆ.

ಗೈರುಹಾಜರಿಯಲ್ಲೂ ಎರಡು ಜಾತಿ: ಎಕ್ಸ್‌ಕ್ಯೂಸ್ಡ್, ಅನ್‌ಎಕ್ಸ್‌ಕ್ಯೂಸ್ಡ್. ಜ್ವರ, ಡಾಕ್ಟರ ಭೇಟಿ, ಮನೆಯಲ್ಲಿ ಸಾವು, ಬಹುತೇಕ ಕಡೆ ಧಾರ್ಮಿಕ ಹಬ್ಬ ಮೊದಲನೆಯದಕ್ಕೆ ಸೇರುತ್ತವೆ. ಊರಿಗೆ ಹೋಗುವ ಪ್ರಯಾಣ ಸಾಮಾನ್ಯವಾಗಿ ಎರಡನೆಯದಕ್ಕೆ. ಹೊಸಬರು ಎಡವುವುದು ಇಲ್ಲಿಯೇ. ಡಿಸೆಂಬರ್ ರಜೆಗೆ ಹೊರಟು, ಸಂಕ್ರಾಂತಿ ಮುಗಿಸಿ, ಬನದ ಹುಣ್ಣಿಮೆಗೆ ಅಂಬಾಮಠದ ಜಾತ್ರೆಯನ್ನೂ ನೋಡಿಕೊಂಡೇ ಬರೋಣ ಎಂದು ನಾವೂ ಒಮ್ಮೆ ಟಿಕೆಟ್ ಮಾಡಿಸಿದ್ದೆವು. ಅಮೆರಿಕದ ಶಾಲಾ ವರ್ಷ ಸುಮಾರು 180 ದಿನ. ಅದರಲ್ಲಿ ಹತ್ತನೇ ಒಂದು ಪಾಲು, ಅಂದರೆ 18 ದಿನ ತಪ್ಪಿದರೆ ಮಗುವಿನ ಹೆಸರು 'ಕ್ರಾನಿಕ್' ಗೈರುಹಾಜರಿ ಪಟ್ಟಿಗೆ ಹೋಗುತ್ತದೆ. ಆ ಲೆಕ್ಕದಲ್ಲಿ ಎಕ್ಸ್‌ಕ್ಯೂಸ್ಡ್ ದಿನಗಳೂ ಸೇರುತ್ತವೆ. ಸತತವಾಗಿ ಹಲವು ದಿನ ಬರದಿದ್ದರೆ ದಾಖಲಾತಿಯನ್ನೇ ತೆಗೆದುಹಾಕುವ ಶಾಲೆಗಳೂ ಇವೆ. ಟಿಕೆಟ್ ಮಾಡಿಸುವ ಮುಂಚೆ ಪ್ರಿನ್ಸಿಪಾಲರಿಗೆ ಬರೆದು ಕೇಳಿ. ಬರೆದದ್ದರ ಪ್ರತಿ ಇಟ್ಟುಕೊಳ್ಳಿ.

ಇಂಗ್ಲೆಂಡಿಗೆ ಹೋದ ನಮ್ಮವರ ಪಾಡು ಇನ್ನೂ ಬಿಗಿ. ಅಲ್ಲಿ ಬೆಳಿಗ್ಗೆಗೊಂದು, ಮಧ್ಯಾಹ್ನಕ್ಕೊಂದು ಹಾಜರಿ. ಹತ್ತು ವಾರದೊಳಗೆ ಅನುಮತಿಯಿಲ್ಲದೆ ಹತ್ತು ಹಾಜರಿ, ಅಂದರೆ ಐದು ದಿನ ತಪ್ಪಿದರೆ ದಂಡದ ಮಾತು ಬರುತ್ತದೆ. 2024ರ ಆಗಸ್ಟ್‌ನಿಂದ ಅದು ಒಬ್ಬ ಪಾಲಕರಿಗೆ, ಒಂದು ಮಗುವಿಗೆ 80 ಪೌಂಡ್. 21 ದಿನದೊಳಗೆ ಕಟ್ಟದಿದ್ದರೆ 160. ಅಪ್ಪ, ಅವ್ವ, ಇಬ್ಬರು ಮಕ್ಕಳು ಎಂದರೆ ನಾಲ್ಕು ದಂಡ. ಅಲ್ಲಿರುವ ನನ್ನ ತಮ್ಮನಿಗೆ ಇನ್ನೊಂದು ಪೇಚು. ಮರೆತುಹೋದ ಒಂದು ಅಪಾಯಿಂಟ್‌ಮೆಂಟಿನ ನಂತರ ಆಸ್ಪತ್ರೆಯಿಂದ ಬಂದ ಪತ್ರದಲ್ಲಿ 'ಡಿಎನ್‌ಎ' ಎಂದಿತ್ತು. ವಂಶವಾಹಿ ಪರೀಕ್ಷೆಯಲ್ಲಿ ಏನೋ ಸಿಕ್ಕಿದೆ ಎಂದು ಮೂರು ರಾತ್ರಿ ನಿದ್ದೆಗೆಟ್ಟ. ಅಲ್ಲಿ ಅದು 'ಡಿಡ್ ನಾಟ್ ಅಟೆಂಡ್', ಬರಲಿಲ್ಲ ಎಂಬುದರ ಚುಟುಕು.

ಇನ್ನೊಂದು ಸಂಗತಿ, ಹೆಸರಿನದು. ನಮ್ಮ ಕಡೆ ಬರೀ ಒಂದು ಹೆಸರಿರುವವರು ಬಹಳ. ಗುರುಗುಂಟಾ ಅಮರೇಶ್ವರನ ಹೆಸರಿಟ್ಟರೆ ಅಮರೇಶ, ಅಷ್ಟೇ. ಅಡ್ಡಹೆಸರು ಪಾಸ್‌ಪೋರ್ಟಿಗೆ ಏರಿರುವುದಿಲ್ಲ. ಪಾಸ್‌ಪೋರ್ಟಿನಲ್ಲಿ ಒಂದೇ ಹೆಸರಿದ್ದರೆ ಅಮೆರಿಕದ ವೀಸಾದಲ್ಲಿ ಖಾಲಿ ಜಾಗಕ್ಕೆ 'ಎಫ್‌ಎನ್‌ಯು' ಎಂದು ತುಂಬುತ್ತಾರೆ, ಮೊದಲ ಹೆಸರು ಗೊತ್ತಿಲ್ಲ ಎಂದು ಅರ್ಥ. ನನಗೆ ಗೊತ್ತಿರುವ ಒಬ್ಬ ಹುಡುಗನನ್ನು ಟೀಚರು ಮೂರು ದಿನ "ಫ್ನೂ" ಎಂದು ಕರೆದರು. ಅದು ತನ್ನ ಹೆಸರೆಂದು ಗೊತ್ತಿಲ್ಲದೆ ಅವನು ಬಾಯಿ ತೆರೆಯಲಿಲ್ಲ. ಮುಂದಿನ ಬೆಂಚಿನಲ್ಲೇ ಕೂತಿದ್ದರೂ ಮೂರು ದಿನವೂ ಗೈರುಹಾಜರಿ. ಚಕ್ರವರ್ತಿ ಅಶೋಕನಿಗೂ ಇದೇ ಕತೆಯಾಗಿತ್ತು. ದೇಶದ ತುಂಬ ಶಾಸನ ಬರೆಸಿದ್ದ, ಎಲ್ಲ ಕಡೆ 'ದೇವರಿಗೆ ಪ್ರಿಯನಾದವನು' ಎಂಬಂಥ ಬಿರುದುಗಳೇ. 1915ರಲ್ಲಿ ಚಿನ್ನದ ನಿಕ್ಷೇಪ ಹುಡುಕುತ್ತಿದ್ದ ಇಂಜಿನಿಯರ್ ಬೀಡನ್ ಮಸ್ಕಿಯ ಬಂಡೆಯ ಬರಹ ಕಂಡಮೇಲೆಯೇ ಆ ಬಿರುದಿನ ಪಕ್ಕ ಅಶೋಕ ಎಂಬ ಹೆಸರು ಸಿಕ್ಕಿದ್ದು. ಆಮೇಲೆ ಬಳ್ಳಾರಿ ಜಿಲ್ಲೆಯ ನಿಟ್ಟೂರು, ಉಡೇಗೋಳದಲ್ಲೂ, ಮಧ್ಯಪ್ರದೇಶದ ಗುಜರ್ರಾದಲ್ಲೂ ಸಿಕ್ಕಿತು. ನೀವು ಅಷ್ಟು ಕಾಯಬೇಡಿ. ಪಾಸ್‌ಪೋರ್ಟ್ ಮಾಡಿಸುವಾಗಲೇ ಎರಡೂ ಜಾಗ ತುಂಬಿ. ಅದು ಕೈತಪ್ಪಿದ್ದರೆ ಶಾಲೆಯ ಅರ್ಜಿಯಲ್ಲಿ 'ಪ್ರಿಫರ್ಡ್ ನೇಮ್' ಎಂಬಲ್ಲಿ ಮನೆಯಲ್ಲಿ ಕರೆಯುವ ಹೆಸರು ಬರೆಯಿರಿ. ಮೊದಲ ದಿನ ಟೀಚರ ಮುಂದೆ ಅದನ್ನು ಎರಡು ಸಲ ಬಾಯಿಬಿಟ್ಟು ಹೇಳಿ.

ಕಡೆಗೆ ನಮ್ಮ ಕೂಟದ್ದೇ ಒಂದು ಮಾತು. ಊರಲ್ಲಿ ಯಾರೇ ಕರೆದರೂ "ಬರ್ತೀವ್ರಿ" ಎನ್ನುವುದು ಮರ್ಯಾದೆ, ಹೋಗುವುದು ಬಿಡುವುದು ಆಮೇಲಿನ ಮಾತು. ಯುಗಾದಿಯ ಊಟಕ್ಕೆ ಕಳಿಸಿರುವ ಫಾರ್ಮಿನಲ್ಲಿ 'ಅಟೆಂಡಿಂಗ್' ಎಂಬುದರ ಮುಂದೆ ಗುರುತು ಹಾಕಿದರೆ ಅದು ಎಲೆಯ ಲೆಕ್ಕ. ಹೋದ ವರ್ಷ 140 ಜನ ಗುರುತು ಹಾಕಿ 90 ಜನ ಬಂದಿದ್ದರು. ಉಳಿದ ಹೋಳಿಗೆಯನ್ನು ನಮ್ಮ ಮನೆಯ ಫ್ರೀಜರಿನಿಂದ ತೆಗೆದು ಶ್ರಾವಣದವರೆಗೂ ತಿಂದೆವು. ಬರುವವರು ಈ ಭಾನುವಾರದೊಳಗೆ ತಿಳಿಸಿ. ಬರಲು ಆಗದವರೂ ತಿಳಿಸಿ, ಯಾರೂ ತಪ್ಪು ತಿಳಿಯುವುದಿಲ್ಲ.