‘ಅಕಾಯ’: ಮೊನೆಗೊಂಡ ಕನ್ನಡ ಅಕ್ಷರದ ಗುಣ ಮತ್ತು ಬಳಕೆ

ಫ.ಗು. ಹಳಕಟ್ಟಿಯವರು ಅಂದಿನ ಬಿಜಾಪುರದಲ್ಲಿ 1925ರಲ್ಲಿ ಹಿತಚಿಂತಕ ಮುದ್ರಣಾಲಯವನ್ನು ಸ್ಥಾಪಿಸಿ, ಮರುವರ್ಷ ‘ಶಿವಾನುಭವ’ ಪತ್ರಿಕೆಯನ್ನು ಆರಂಭಿಸಿದರು. ವಚನವನ್ನು ಓದಿಸಬೇಕಾದ ಅಂಥ ಪುಟದಲ್ಲಿ ಅಕ್ಷರವು ತನ್ನತ್ತ ಗಮನ ಸೆಳೆಯಬಾರದು; ಶೀರ್ಷಿಕೆಯಲ್ಲಿ ಸೆಳೆಯಲೇಬೇಕು. ವೈಷ್ಣವಿ ಮೂರ್ತಿ ಮತ್ತು ಹ್ವಾನ್ ಲೂಯಿಸ್ ಬ್ಲಾಂಕೊ ರೂಪಿಸಿದ ‘ಅಕಾಯ’ ಶೀರ್ಷಿಕೆಯ ವರ್ಗಕ್ಕೆ ಸೇರಿದ್ದು. ಕನ್ನಡ, ತೆಲುಗು, ಲ್ಯಾಟಿನ್ ಲಿಪಿಗಳಿಗೆ ಒಂದೇ ದಪ್ಪದಲ್ಲಿ ದೊರೆಯುವ ಈ ಫಾಂಟು, ದುಂಡಗಿನ ಲಿಪಿಯೆಂದೇ ಹೆಸರಾದ ಕನ್ನಡದ ಬಾಗುಗಳನ್ನು ಅಲ್ಲಲ್ಲಿ ಮೊನೆಗಳಾಗಿ ಮುರಿಯುತ್ತದೆ. ಅದರ ಚೇಷ್ಟೆಯೂ ಚೆಲುವೂ ಇಲ್ಲಿಯೇ ಇವೆ.

ಇದನ್ನು ಪರೀಕ್ಷಿಸಲು ಊರ ಹೆಸರುಗಳೇ ಸಾಕು. ‘ತಿಕೋಟಾ’ ಒತ್ತಕ್ಷರವಿಲ್ಲದ ಮೂರಕ್ಷರದ ಪದ. ದೊಡ್ಡದಾಗಿ ಅಚ್ಚಾದರೆ ಮೊನೆಗಳು ಸೊಗಸುತ್ತವೆ. ‘ಬಬಲೇಶ್ವರ’ದಲ್ಲಿ ಶಕಾರಕ್ಕೆ ವಕಾರದ ಒತ್ತು ಸೇರುವುದರಿಂದ ಸಾಲುಗಳ ನಡುವೆ ಹೆಚ್ಚು ತೆರಪು ಬೇಕು. ಇನ್ನೂ ಸೂಕ್ಷ್ಮವಾದುದು ಮಹಾಪ್ರಾಣದ ಪ್ರಶ್ನೆ. ಬ-ಭ, ಡ-ಢಗಳ ಭೇದವನ್ನು ತೋರುವುದು ಹೊಟ್ಟೆಯ ಸೀಳು. ಗಾತ್ರ ಕುಗ್ಗಿದಂತೆ ಅಲಂಕಾರದ ಮೊನೆಯೂ ಅರ್ಥಭೇದಕ ಸೀಳೂ ಒಂದರಂತೆ ಇನ್ನೊಂದು ಕಾಣುವ ಅಪಾಯವುಂಟು. ಮುಖಪುಟಕ್ಕೆ, ನಾಟಕದ ಭಿತ್ತಿಪತ್ರಕ್ಕೆ ‘ಅಕಾಯ’ ಒಪ್ಪುತ್ತದೆ. ವಿಜಯಪುರದ ನಿಲ್ದಾಣದಲ್ಲಿ ಹೊರಟುನಿಂತ ಬಸ್ಸಿನ ಊರಫಲಕಕ್ಕೆ ಮಾತ್ರ ಹಳೆಯ ದುಂಡಕ್ಷರವೇ ಲೇಸು.