ಸುರಪುರ ಯಾವ ಜಿಲ್ಲೆ? ಪ್ರೊಲಾಗ್‌ಗೆ ಹೇಳಿಕೊಡೋಣ

ಪ್ರೊಲಾಗ್ 1972ರ ಸುಮಾರಿಗೆ ಫ್ರಾನ್ಸಿನ ಮಾರ್ಸೇ ಊರಲ್ಲಿ ಹುಟ್ಟಿದ ಭಾಷೆ. ಇದರಲ್ಲಿ ನಾವು ಗೊತ್ತಿರೋ ಸಂಗತಿ ಮತ್ತು ನಿಯಮಗಳನ್ನು ಬರೆದಿಟ್ಟರೆ ಸಾಕು, ತೀರ್ಮಾನ ಅದೇ ಹುಡುಕುತ್ತದೆ. ನಮ್ಮ ಊರನ್ನೇ ಬರೆಯೋಣ:

ಒಳಗೆ(ಸುರಪುರ, ಯಾದಗಿರಿ_ಜಿಲ್ಲೆ).
ಒಳಗೆ(ಯಾದಗಿರಿ_ಜಿಲ್ಲೆ, ಕಲಬುರಗಿ_ವಿಭಾಗ).
ಇದೆ(_ಅ, _ಇ) :- ಒಳಗೆ(_ಅ, _ಇ).
ಇದೆ(_ಅ, _ಇ) :- ಒಳಗೆ(_ಅ, _ನಡು), ಇದೆ(_ನಡು, _ಇ).

ಇಲ್ಲಿ :- ಅಂದರೆ 'ಯಾವಾಗ ಅಂದ್ರೆ'. ಸುರಪುರ ಕಲಬುರಗಿ ವಿಭಾಗದಲ್ಲಿದೆ ಅಂತ ನಾವು ಎಲ್ಲೂ ಬರೆದಿಲ್ಲ, ಆದರೂ ಕೇಳಿದರೆ 'ಟ್ರೂ' ಅನ್ನುತ್ತದೆ. ಅಂದಹಾಗೆ, ಪ್ರೊಲಾಗ್‌ನಲ್ಲಿ ವೇರಿಯಬಲ್ ಕ್ಯಾಪಿಟಲ್ ಅಕ್ಷರದಿಂದ ಶುರುವಾಗಬೇಕು. ಕನ್ನಡದಲ್ಲಿ ಕ್ಯಾಪಿಟಲ್ ಎಲ್ಲಿಂದ ತರೋದು? ಅದಕ್ಕೇ ಆ ಅಂಡರ್‌ಸ್ಕೋರ್.

ಈಗ 2006ರಲ್ಲಿ ಸುರಪುರದಲ್ಲಿ ಹುಟ್ಟಿದ ಒಬ್ಬ ವಿದ್ಯಾರ್ಥಿಯನ್ನು ತಗೊಳ್ರಿ. ಅವಳ ಜನನ ಪ್ರಮಾಣಪತ್ರದಲ್ಲಿ ಜಿಲ್ಲೆ 'ಗುಲ್ಬರ್ಗಾ' ಅಂತ ಇದೆ. ಅದು ತಪ್ಪಲ್ಲ. ಯಾದಗಿರಿ, ಶಹಾಪುರ, ಸುರಪುರ ಈ ಮೂರು ತಾಲ್ಲೂಕು ಸೇರಿಸಿ ಹೊಸ ಜಿಲ್ಲೆ ಮಾಡಿದ್ದು 2009ರ ಡಿಸೆಂಬರ್‌ನಲ್ಲಿ. ಗುಲ್ಬರ್ಗಾ ಕಲಬುರಗಿ ಆದದ್ದು 2014ರ ನವೆಂಬರ್ 1ಕ್ಕೆ.

371ಜೆ ಮೀಸಲಾತಿಗೆ ಅರ್ಹತೆ ನೋಡೋ ಒಂದು ಪ್ರೋಗ್ರಾಂ ನಾವೇ ಬರೆದೆವು ಅಂದುಕೊಳ್ಳಿ. ಜಿಲ್ಲೆಗಳ ಪಟ್ಟಿಯಲ್ಲಿ 'ಕಲಬುರಗಿ' ಇದೆ, 'ಗುಲ್ಬರ್ಗಾ' ಇಲ್ಲ. ಉತ್ತರ: 'ಫಾಲ್ಸ್'. ಯಾಕಂದ್ರೆ ಬರೆದದ್ದರಿಂದ ಸಾಧಿಸಲಾಗದ್ದೆಲ್ಲ ಪ್ರೊಲಾಗ್‌ಗೆ ಸುಳ್ಳು. 'ಇಲ್ಲ' ಮತ್ತು 'ಗೊತ್ತಿಲ್ಲ' ಎರಡೂ ಅದಕ್ಕೆ ಒಂದೇ. ತಹಶೀಲ್ದಾರ್ ಕಚೇರಿಯಲ್ಲಿ ಕೂತವರಿಗೆ ಹೇಳದೇ ಗೊತ್ತಿರೋ ಮಾತು ಇದು. ಯಂತ್ರಕ್ಕೆ ಯಾರಾದರೂ ಬರೆದಿಡಬೇಕು, ಇಲ್ಲಾಂದ್ರೆ ಆ ಹುಡುಗಿಯ ಸೀಟು ಹೋಯ್ತು.

ಅವಸರದಲ್ಲಿ ಗುಲ್ಬರ್ಗಾ, ಕಲಬುರಗಿ, ಯಾದಗಿರಿ ಮೂರೂ ಒಂದೇ ಅಂತ ಒಂದು ಸಾಲು ಹಾಕಬೇಡಿ. ಆಗ ಆಳಂದವೂ ಯಾದಗಿರಿ ಜಿಲ್ಲೆಗೆ ಬಂದು ಕೂರುತ್ತದೆ! ಹೆಸರು ಬದಲಾಗೋದು ಬೇರೆ, ಜಿಲ್ಲೆ ಒಡೆಯೋದು ಬೇರೆ. ಮೊದಲನೆಯದಕ್ಕೆ 'ಒಂದೇ(ಗುಲ್ಬರ್ಗಾ, ಕಲಬುರಗಿ)' ಅನ್ನೋ ಸಂಗತಿ ಮತ್ತು ಅದನ್ನು ಬಳಸೋ ನಿಯಮ ಸಾಕು. ಎರಡನೆಯದಕ್ಕೆ 'ಒಳಗೆ' ಅನ್ನೋದಕ್ಕೇ ಎಂದಿನಿಂದ, ಎಂದಿನವರೆಗೆ ಅಂತ ಇನ್ನೆರಡು ಜಾಗ ಸೇರಿಸಬೇಕು.

2004ರಲ್ಲಿ ವೆಬ್‌ಗಾಗಿ ಬಂದ ಔಲ್ ಅನ್ನೋ ಭಾಷೆ ಇನ್ನೊಂದು ದಾರಿ ಹಿಡಿದಿದೆ: ಬರೆದಿಲ್ಲ ಅಂದ ಮಾತ್ರಕ್ಕೆ ಅದು ಸುಳ್ಳು ಅನ್ನೋದಿಲ್ಲ. ಅರ್ಹತೆಯಂಥ ವಿಷಯಕ್ಕೆ ನನಗೆ ಇದೇ ಸರಿ ಅನಿಸುತ್ತೆ. 'ಗೊತ್ತಿಲ್ಲ' ಬಂದ ಅರ್ಜಿಯನ್ನು ಮನುಷ್ಯರ ಟೇಬಲ್ಲಿಗೆ ಕಳಿಸಬಹುದು, 'ಫಾಲ್ಸ್' ಬಂದದ್ದನ್ನು ಯಾರೂ ತೆರೆದು ನೋಡೋದಿಲ್ಲ.

ಮನೆಗೆಲಸ: ಸುರಪುರದಿಂದ ಹುಣಸಗಿ, ಶಹಾಪುರದಿಂದ ವಡಗೇರಾ ಈಗ ಬೇರೆ ತಾಲ್ಲೂಕು ಆಗಿವೆ. ಮೇಲಿನ ಕೋಡ್‌ನಲ್ಲಿ ಯಾವ ಸಾಲು ಬದಲಾಗಬೇಕು, ಬರೆದು ನೋಡ್ರಿ.