ಒಂದು ಹೊಲ, ಹನ್ನೆರಡು ತಿಂಗಳು: ಬೇಸಾಯದ ಬದುಕನ್ನು ಚಿತ್ರಿಸುವ ಬಗೆ

ಹೊಸೂರಿನಿಂದ ತಳಿ, ಡೆಂಕಣಿಕೋಟೆಗಳ ಕಡೆಗೆ ಹೊರಟವನಿಗೆ ರಾಗಿಯ ಹೊಲ, ಹುಣಸೆಯ ಮರ, ಬಂಡೆಯ ಗುಡ್ಡ ಇವು ಒಂದರ ಬೆನ್ನಿಗೊಂದು ಎದುರಾಗುವುದರಿಂದ, ಕಂಡುದನ್ನೆಲ್ಲ ಕ್ಯಾಮೆರಾದಲ್ಲಿ ತುಂಬಿಕೊಳ್ಳಬೇಕೆಂಬ ಆತುರ ಸಹಜವಾಗಿಯೇ ಹುಟ್ಟುತ್ತದೆ. ಆ ಆತುರವನ್ನು ಅಡಗಿಸಿ, ಪರಿಚಿತರ ಒಂದೇ ಹೊಲವನ್ನು ಆರಿಸಿಕೊಂಡು, ಮನೆಯವರ ಅನುಮತಿಯನ್ನು ಪಡೆದು, ವರ್ಷವಿಡೀ ಅಲ್ಲಿಗೇ ಮರಳಿ ಮರಳಿ ಹೋಗುವುದು ಮೊದಲನೆಯ ಕೆಲಸ. ಬದುವಿನ ಮೇಲೊಂದು ಕಲ್ಲನ್ನು ಗುರುತಾಗಿ ನೆಟ್ಟು, ತಿಂಗಳಿಗೊಮ್ಮೆ ಅದರ ಪಕ್ಕದಲ್ಲಿಯೇ ನಿಂತು, ಅದೇ ದಿಕ್ಕಿಗೆ, ಅದೇ ಎತ್ತರದಿಂದ ಒಂದು ಚಿತ್ರವನ್ನು ತೆಗೆಯಿರಿ. ಮುಂಗಾರಿನಲ್ಲಿ ಕೂರಿಗೆ ಎಳೆದ ಕೆಂಪು ಸಾಲು, ರಾಗಿಯ ನಡುವೆ ಅಕ್ಕಡಿಯಾಗಿ ಬೆಳೆದ ಅವರೆ, ಕಾರ್ತಿಕದ ಹೊತ್ತಿಗೆ ಬಲಿತ ತೆನೆ, ಕೊಯ್ಲಾದ ಮೇಲೆ ಉಳಿದ ಕೂಳೆ, ಇವೆಲ್ಲವೂ ಆ ಒಂದೇ ಚೌಕಟ್ಟಿನೊಳಗೆ ಬಂದು ಹೋಗುವುವು.

ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ಹೊಸೂರಿನ ಸೀಮೆಯಲ್ಲಿ ಧನುರ್ಮಾಸದ ಬೆಳಗುಗಳು ಮಂಜಿನವು. ಕ್ಯಾಮೆರಾ ಶುಭ್ರವಾದ ಮಂಜನ್ನು ಬೂದು ಬಣ್ಣಕ್ಕೆ ಇಳಿಸಿಬಿಡುವ ಕಾರಣ, ಎಕ್ಸ್‌ಪೋಷರನ್ನು ಒಂದು ಸ್ಟಾಪ್ ಹೆಚ್ಚಿಸಬೇಕು; ಮೊಬೈಲಾದರೆ ಪರದೆಯನ್ನು ಮುಟ್ಟಿ ಸೂರ್ಯನ ಗುರುತನ್ನು ಮೇಲಕ್ಕೆ ಸರಿಸಿದರೆ ಸಾಕು.

ನನ್ನ ಮಟ್ಟಿಗೆ ಕಣದ ದೃಶ್ಯವೇ ವರ್ಷದಲ್ಲೆಲ್ಲ ಅತ್ಯಂತ ರಮಣೀಯವಾದುದು. ಗಾಳಿ ಬೀಸಿದೊಡನೆ ಹೆಂಗಸರು ಮೊರವನ್ನು ತಲೆಯೆತ್ತರಕ್ಕೆ ಹಿಡಿದು ತೂರುವಾಗ, ಕಾಳು ನೆಟ್ಟಗೆ ಕಾಲಬುಡಕ್ಕೆ ಸುರಿಯುತ್ತದೆ, ಹೊಟ್ಟು ಓರೆಯಾಗಿ ಹಾರಿ ಹೊಂಬಣ್ಣದ ತೆರೆಯಾಗುತ್ತದೆ. ಆ ತೆರೆ ಚಿತ್ರದಲ್ಲಿ ಬೆಳಗಬೇಕಾದರೆ, ಇಳಿಬಿಸಿಲಿಗೆ ಎದುರಾಗಿ, ಗಾಳಿಗೆ ಅಡ್ಡವಾಗಿ, ಮೆದೆಯ ನೆರಳಿನ ಮಗ್ಗುಲು ಹಿನ್ನೆಲೆಗೆ ಬರುವಂತೆ ನಿಂತು, ಷಟರ್ ವೇಗವನ್ನು ಸೆಕೆಂಡಿನ 1/1000ಕ್ಕೆ ಇಡತಕ್ಕದ್ದು. 1/30ಕ್ಕೆ ಇಳಿಸಿ, ಕೈ ಅಲುಗದಂತೆ ಹಿಡಿದರೆ, ಸುರಿಯುವ ಕಾಳು ನೂಲಿನ ಎಳೆಗಳಾಗಿ ಮೂಡುತ್ತದೆ.

ದನಕರುಗಳನ್ನು ಚಿತ್ರಿಸುವಾಗ ಮಂಡಿಯೂರಿ ಅವುಗಳ ಕಣ್ಣಿನ ಮಟ್ಟಕ್ಕೆ ಇಳಿಯಬೇಕು, ಫ್ಲ್ಯಾಶ್ ಕೂಡದು. ಈ ಸೀಮೆಯದೇ ಆದ ಆಲಂಬಾಡಿ ಎತ್ತು ಈಗ ವಿರಳವಾಗಿರುವುದರಿಂದ, ಕಂಡಲ್ಲಿ ಮೈಯ ಪೂರ್ಣಾಕಾರವನ್ನು ಪಕ್ಕದಿಂದಲೂ, ಉಬ್ಬಿದ ಹಣೆಯನ್ನೂ ಹಿಂದಕ್ಕೆ ಬಾಗಿದ ಕೊಂಬುಗಳನ್ನೂ ಎದುರಿನಿಂದಲೂ ತೆಗೆದಿಡಿ.

ತೆನೆ ಬಲಿಯುವ ಕಾಲಕ್ಕೆ ಜವಳಗಿರಿಯ ಕಾಡಿನ ಕಡೆಯಿಂದ ಆನೆಗಳು ಹೊಲಗಳಿಗೆ ಇಳಿಯುತ್ತವೆ. ಅವನ್ನು ಚಿತ್ರಿಸುವ ಹಂಬಲದಿಂದ ರಾತ್ರಿ ಹೊರಗೆ ನಿಲ್ಲಬೇಡಿ. ಮರುದಿನ ತುಳಿದ ಪೈರಿನ ನಡುವೆ ಉಳಿದ ಹೆಜ್ಜೆ, ಕಾವಲಿನ ಅಟ್ಟಣೆ, ನಿದ್ದೆಗೆಟ್ಟ ರೈತನ ಮುಖ, ಇವು ಆ ರಾತ್ರಿಯ ಕಥೆಯನ್ನು ಹೇಳುತ್ತವೆ. ಆದರೆ ರೈತನ ಮುಖವನ್ನು ಅವನು ಸಮ್ಮತಿಸಿದಾಗ ಮಾತ್ರ ತೆಗೆಯಿರಿ.

ಪ್ರತಿ ಚಿತ್ರಕ್ಕೂ ದಿನಾಂಕವನ್ನೂ ಊರನ್ನೂ ಬರೆಯಿರಿ. ಕನ್ನಡ, ತೆಲುಗು, ತಮಿಳು ಮೂರೂ ಕೇಳಿಬರುವ ಈ ಗಡಿನಾಡಿನಲ್ಲಿ ಆ ಮನೆಯವರು ಚಿತ್ರದಲ್ಲಿನ ಉಪಕರಣಕ್ಕೆ ಯಾವ ಹೆಸರನ್ನು ಹೇಳುವರೋ ಅದನ್ನೇ ಬರೆದುಕೊಳ್ಳಿರಿ. ವರ್ಷ ತುಂಬಿದಾಗ ಚಿತ್ರಗಳನ್ನು ಕಾಗದದ ಮೇಲೆ ಮುದ್ರಿಸಿ, ಮೊದಲ ಪ್ರತಿಯನ್ನು ಆ ಹೊಲದವರ ಮನೆಗೆ ಕೊಂಡೊಯ್ದು ಕೊಡಿ.